ವೈದ್ಯವೃತ್ತಿ: ಅದರ ಸ್ವರೂಪ ಮತ್ತು ಅದರೊಳಗಿನ ಹಾದಿಗಳು

ದ್ವಿತೀಯ ಪಿಯುಸಿ ಪರೀಕ್ಷೆಗಳು ಮುಗಿದು ನೀಟ್ ಪರೀಕ್ಷೆಯ ದಿನ ಸಮೀಪಿಸುವಾಗ ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಒಂದೇ ಹಂಬಲ ಮನೆಮಾಡಿರುತ್ತದೆ: ನಮ್ಮ ಮಗ ಡಾಕ್ಟರಾಗಬೇಕು, ನಮ್ಮ ಮಗಳು ಡಾಕ್ಟರಾಗಬೇಕು. ಹಿರಿಯರ ಈ ಬಯಕೆ ಗೌರವಕ್ಕೆ ಅರ್ಹವಾದುದೇ ಸರಿ. ಆದರೆ ಡಾಕ್ಟರಾದ ಮೇಲೆ ಆ ಮಗು ದಿನವಿಡೀ ಮಾಡುವ ಕೆಲಸವಾದರೂ ಏನು, ಆ ವೃತ್ತಿಯೊಳಗೆ ಎಷ್ಟು ಬಗೆಯ ದಾರಿಗಳಿವೆ, ಅವುಗಳಲ್ಲಿ ಯಾವುದು ಮಗುವಿನ ಸ್ವಭಾವಕ್ಕೆ ಒಗ್ಗುತ್ತದೆ ಎಂದು ವಿಚಾರಿಸುವವರು ವಿರಳ. ಕಾಯಿಲೆ ಬಿದ್ದಾಗ ಮೊದಲು ಯಾವ ವೈದ್ಯರ ಬಳಿಗೆ ಹೋಗಬೇಕೆಂಬುದನ್ನೂ ನಾವು ಅಷ್ಟೇ ಅವಸರದಿಂದ ತೀರ್ಮಾನಿಸುತ್ತೇವೆ.

ಈ ಎರಡು ಸಂಗತಿಗಳಿಗೂ ಒಳಗಿಂದ ಒಂದು ನಂಟಿದೆ. ರೋಗಿಯನ್ನು ಇಡಿಯಾಗಿ ನೋಡುವ ಸಾಮಾನ್ಯ ವೈದ್ಯರ ಬೆಲೆ ನಮ್ಮ ಕಣ್ಣಲ್ಲಿ ಕುಗ್ಗುತ್ತಾ ಬಂದಿದೆ. ಬರಿಯ ಎಂ.ಬಿ.ಬಿ.ಎಸ್. ಆದರೆ ಏನು ಬಂತು ಎಂಬ ಮಾತು ಮನೆಯ ಜಗಲಿಯಲ್ಲೂ ಮದುವೆಯ ಚಪ್ಪರದಲ್ಲೂ ಕೇಳಿಬರುತ್ತದೆ. ಈ ತಾತ್ಸಾರದಿಂದ ಓದುವ ಮಕ್ಕಳಿಗೂ ನರಳುವ ರೋಗಿಗಳಿಗೂ ನಷ್ಟವಾಗುತ್ತಿದೆ ಎಂಬುದನ್ನು ಸದ್ಭಕ್ತರ ಗಮನಕ್ಕೆ ತರುವ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಆಯುರ್ವೇದ ಮೊದಲಾದ ಭಾರತೀಯ ಪದ್ಧತಿಗಳ ವ್ಯಾಸಂಗಕ್ರಮ ಬೇರೆಯದಾದುದರಿಂದ ಇಲ್ಲಿ ಆಧುನಿಕ ವೈದ್ಯಪದ್ಧತಿಯನ್ನು ಮಾತ್ರ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ವೈದ್ಯನ ಮೊದಲ ಕೆಲಸ

ವೈದ್ಯರೆಂದರೆ ಔಷಧಿ ಬರೆದುಕೊಡುವವರು ಎಂಬುದು ಸಾಮಾನ್ಯ ತಿಳಿವಳಿಕೆ. ಔಷಧಿ ಬರೆಯುವುದು ಅವರ ಕೆಲಸದ ಕೊನೆಯ ಭಾಗ. ಅದಕ್ಕಿಂತ ಮೊದಲು ಅವರು ರೋಗವನ್ನು ಗುರುತಿಸಬೇಕು. ಗುರುತಿಸುವ ಈ ಕ್ರಮಕ್ಕೆ ಮೂರು ಹಂತಗಳಿವೆ: ರೋಗಿಯ ಮಾತನ್ನು ಕೇಳುವುದು, ಶರೀರವನ್ನು ಪರೀಕ್ಷಿಸುವುದು, ಆಮೇಲೆ ಅಗತ್ಯವಿದ್ದಷ್ಟು ರಕ್ತಪರೀಕ್ಷೆ, ಎಕ್ಸ್‌ರೇ ಮುಂತಾದವುಗಳನ್ನು ಮಾಡಿಸುವುದು.

ಮೊದಲನೆಯ ಹಂತವೇ ಬಹುಮಟ್ಟಿಗೆ ದಾರಿ ತೋರಿಸುತ್ತದೆ. ಅರವತ್ತು ದಾಟಿದ ಒಬ್ಬರು ಏದುಸಿರು ಎಂದು ಹೇಳಿಕೊಂಡು ಬಂದರೆ ಬಲ್ಲ ವೈದ್ಯರು ಕೂಡಲೇ ಯಂತ್ರದ ಕಡೆಗೆ ಕೈ ಚಾಚುವುದಿಲ್ಲ. ಏದುಸಿರು ನಡೆದಾಗ ಬರುತ್ತದೆಯೋ, ಕುಳಿತಾಗಲೂ ಇರುತ್ತದೆಯೋ ಎಂದು ಕೇಳುತ್ತಾರೆ. ರಾತ್ರಿ ಎಷ್ಟು ದಿಂಬು ಬೇಕು, ನಿದ್ದೆಯ ನಡುವೆ ಉಸಿರು ಕಟ್ಟಿ ಎದ್ದು ಕೂರುವಂತಾಗುತ್ತದೆಯೇ, ಸಂಜೆಯ ಹೊತ್ತಿಗೆ ಪಾದ ಊದುತ್ತದೆಯೇ ಎಂದು ವಿಚಾರಿಸುತ್ತಾರೆ. ಇವಕ್ಕೆ ಹೌದು ಎಂಬ ಉತ್ತರ ಬಂದರೆ ಹೃದಯದ ಬಲ ಕುಂದಿರುವ ಶಂಕೆ ಮೂಡುತ್ತದೆ. ಬಾಲ್ಯದಿಂದಲೂ ಚಳಿಗಾಲದಲ್ಲಿ ಉಬ್ಬಸ ಬರುತ್ತಿತ್ತು ಎಂದರೆ ಯೋಚನೆ ಶ್ವಾಸಕೋಶದ ಕಡೆಗೆ ಹೊರಳುತ್ತದೆ. ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿದ್ದರೆ ರಕ್ತಹೀನತೆಯನ್ನು ನೆನೆಯುತ್ತಾರೆ. ಹೀಗೆ ಕೇಳಿದ ನಾಲ್ಕಾರು ಪ್ರಶ್ನೆಗಳಿಂದ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬುದು ನಿಶ್ಚಯವಾಗುತ್ತದೆ. ರೋಗಿಯ ಹಣವೂ ಉಳಿಯುತ್ತದೆ.

ಶರೀರಪರೀಕ್ಷೆಯ ವಿದ್ಯೆಗೆ ಸ್ವಾರಸ್ಯವಾದ ಇತಿಹಾಸವಿದೆ. ವಿಯೆನ್ನಾ ನಗರದ ವೈದ್ಯ ಆವೆನ್‌ಬ್ರುಗ್ಗರ್ ಎಂಬುವರು ಎದೆಯ ಮೇಲೆ ಬೆರಳಿನಿಂದ ತಟ್ಟಿ, ಹೊರಡುವ ಶಬ್ದದಿಂದ ಒಳಗೆ ನೀರು ತುಂಬಿದೆಯೋ ಇಲ್ಲವೋ ಎಂದು ತಿಳಿಯುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದರು. ಅವರ ತಂದೆ ವಸತಿಗೃಹ ನಡೆಸುತ್ತಿದ್ದವರು; ಪೀಪಾಯಿಯಲ್ಲಿ ದ್ರವ ಎಷ್ಟಿದೆ ಎಂಬುದನ್ನು ತಟ್ಟಿ ತಿಳಿಯುವ ರೂಢಿ ಅಂಥ ಕಡೆ ಇದ್ದೇ ಇತ್ತು. 1816ರಲ್ಲಿ ಫ್ರಾನ್ಸ್ ದೇಶದ ಲೆನೆಕ್ ಅವರು ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗೂ ತಮ್ಮ ಕಿವಿಗೂ ನಡುವೆ ಇಟ್ಟು ಹೃದಯದ ಬಡಿತವನ್ನು ಕೇಳಿದರು. ಇಂದು ವೈದ್ಯರ ಕೊರಳಿನಲ್ಲಿ ನಾವು ಕಾಣುವ ಸ್ಟೆತಾಸ್ಕೋಪಿನ ಮೂಲ ಅದೇ. ಯಂತ್ರಗಳು ಎಷ್ಟೇ ಮುಂದುವರಿದಿದ್ದರೂ ಈ ಕೈ, ಕಿವಿ, ಕಣ್ಣುಗಳ ವಿದ್ಯೆಯನ್ನು ವೈದ್ಯ ವಿದ್ಯಾರ್ಥಿಗಳಿಗೆ ಇಂದಿಗೂ ಕಲಿಸುತ್ತಾರೆ.

ಈ ವಿದ್ಯೆಗೆ ಭಾಷೆಯ ತಿಳಿವೂ ಬೇಕು. ನಮ್ಮ ಹಳ್ಳಿಯ ಹಿರಿಯರು ಸಂಕಟ ಎಂದಾಗ ಅದು ಹೊಟ್ಟೆ ತೊಳಸುವುದೂ ಆಗಿರಬಹುದು, ಎದೆಯ ಬಿಗಿತವೂ ಆಗಿರಬಹುದು. ಎದೆ ಉರಿ, ಎದೆ ಹಿಡಿತ, ಜೋಮು, ಸೆಳೆತ, ಸುಸ್ತು ಎಂಬ ಒಂದೊಂದು ಮಾತಿಗೂ ವೈದ್ಯಶಾಸ್ತ್ರದಲ್ಲಿ ಬೇರೆ ಬೇರೆ ಅರ್ಥವಿದೆ. ವೈದ್ಯಕೀಯ ಕಾಲೇಜು ಸೇರಿದ ಆರಂಭದಲ್ಲೇ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆಯನ್ನು ಪರಿಚಯಿಸಬೇಕೆಂದು ಇಂದಿನ ಪಠ್ಯಕ್ರಮ ವಿಧಿಸಿರುವುದು ಇದಕ್ಕಾಗಿಯೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗ್ರಾಮೀಣ ವಿದ್ಯಾರ್ಥಿ ಇಂಗ್ಲಿಷಿಗೆ ಅಂಜುವುದು ಸಹಜ. ಆದರೆ ರೋಗಿಯ ಮಂಚದ ಪಕ್ಕದಲ್ಲಿ ನಿಂತಾಗ ಆತನ ಕನ್ನಡವೇ ಆತನಿಗೆ ದೊಡ್ಡ ಬಂಡವಾಳವಾಗುತ್ತದೆ.

ತುಮಕೂರು ಜಿಲ್ಲೆಯಿಂದ ಬಂದ ಪಾಠ

ಕೇಳುವ ಕೆಲಸವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ, ಆದುದರಿಂದ ಕ್ಷಯರೋಗಿಗಳನ್ನು ಊರೂರು ಸುತ್ತಿ ಹುಡುಕಬೇಕು ಎಂಬುದು ಆಗ ಹಲವರ ಎಣಿಕೆಯಾಗಿತ್ತು. ಈ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1963ರಲ್ಲಿ ಅದನ್ನು ಪ್ರಕಟಿಸಿದರು. ಅವರಿಗೆ ಕಂಡ ಸತ್ಯವೇ ಬೇರೆ. ಕ್ಷಯರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲವೆಂಬ ಅರಿವು ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲನ್ನೂ ತಟ್ಟಿದ್ದರು. ಅಲ್ಲಿ ಅವರ ರೋಗ ಪತ್ತೆಯಾಗಿರಲಿಲ್ಲ. ಕೆಮ್ಮಿನ ಔಷಧಿ ಕೊಟ್ಟು ಕಳುಹಿಸುವುದು ಆಗಿನ ರೂಢಿಯಾಗಿತ್ತು.

ಈ ತಿಳಿವು ದೇಶದ ಕ್ಷಯರೋಗ ಕಾರ್ಯಕ್ರಮಕ್ಕೇ ಆಧಾರವಾಯಿತು. ಕೆಮ್ಮು ಎಂದು ತಾನಾಗಿ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕು ಎಂಬುದು ಸಾಮಾನ್ಯ ಆಸ್ಪತ್ರೆಯ ಸಾಮಾನ್ಯ ವೈದ್ಯರ ಹೊಣೆಯಾಯಿತು. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಮಾಡಿಸಬೇಕೆಂಬ ಇಂದಿನ ನಿಯಮದ ಹಿಂದೆ ಈ ವಿಚಾರಧಾರೆಯೇ ಇದೆ. 2012ರಿಂದ ಖಾಸಗಿ ವೈದ್ಯರೂ ತಾವು ಕಂಡ ಕ್ಷಯರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಗಿದೆ. ಮೊದಲ ಬಾಗಿಲಿನಲ್ಲಿ ಕುಳಿತಿರುವ ವೈದ್ಯರು ಎಚ್ಚರವಾಗಿದ್ದರೆ ಒಂದು ಜೀವವೂ, ಆ ಮನೆಯ ಉಳಿದ ಜೀವಗಳೂ ಉಳಿಯುತ್ತವೆ.

ವಿದ್ಯಾಭ್ಯಾಸದ ಮೆಟ್ಟಿಲುಗಳು

ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ವ್ಯಾಸಂಗ, ಅನಂತರ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ ಬೇಕು. ಪ್ರವೇಶಕ್ಕೆ ನೀಟ್ ಪರೀಕ್ಷೆಯೊಂದೇ ದ್ವಾರ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ದೇಶದ ವೈದ್ಯಶಿಕ್ಷಣದ ಮೇಲ್ವಿಚಾರಣೆಯನ್ನು 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ನೋಡಿಕೊಳ್ಳುತ್ತಿದೆ. ಪದವಿ ಮುಗಿಸಿದವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ವೃತ್ತಿಯನ್ನು ಆರಂಭಿಸಬಹುದು. ಪದವಿಯ ಅನಂತರದ ಒಂದು ವರ್ಷದ ಕಡ್ಡಾಯ ಸೇವೆಯ ಬಗ್ಗೆ ನಮ್ಮ ರಾಜ್ಯದಲ್ಲಿ 2012ರ ಕಾಯ್ದೆಯೊಂದಿದ್ದು ಅದಕ್ಕೆ ತಿದ್ದುಪಡಿಗಳಾಗಿವೆ. ಪ್ರವೇಶ ಪಡೆಯುವಾಗಲೇ ಆ ವರ್ಷದ ನಿಯಮವನ್ನು ಓದಿಕೊಳ್ಳುವುದು ಒಳಿತು.

ಮುಂದೆ ಓದುವವರಿಗೆ ಎಂ.ಡಿ. ಅಥವಾ ಎಂ.ಎಸ್. ಮೂರು ವರ್ಷ. ಇದಕ್ಕೆ ಸಮಾನವಾದ ಡಿ.ಎನ್.ಬಿ. ಎಂಬ ವ್ಯಾಸಂಗವೂ ಉಂಟು. ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಔಷಧಿಯಿಂದ ಚಿಕಿತ್ಸೆ ಮಾಡುವವರು ಎಂ.ಡಿ. ಮಾಡಿದ ಫಿಜಿಷಿಯನ್, ಶಸ್ತ್ರದಿಂದ ಚಿಕಿತ್ಸೆ ಮಾಡುವವರು ಎಂ.ಎಸ್. ಮಾಡಿದ ಸರ್ಜನ್. ಇದಕ್ಕೂ ಮೇಲೆ ಹೃದಯ, ನರ, ಮೂತ್ರಪಿಂಡ, ಜೀರ್ಣಾಂಗ ಮುಂತಾದ ಒಂದೊಂದು ಅಂಗದಲ್ಲಿ ಪರಿಣತಿ ಬೇಕೆಂದರೆ ಡಿ.ಎಂ. ಅಥವಾ ಎಂ.ಸಿಎಚ್. ಎಂಬ ಇನ್ನೂ ಮೂರು ವರ್ಷಗಳ ವ್ಯಾಸಂಗ. ಹೃದಯತಜ್ಞರು ಎಂದಾಗ ಅವರು ಡಿ.ಎಂ. ಮಾಡಿದ ಫಿಜಿಷಿಯನ್ನರೋ, ಎಂ.ಸಿಎಚ್. ಮಾಡಿದ ಶಸ್ತ್ರವೈದ್ಯರೋ ಎಂಬುದನ್ನು ಫಲಕದ ಮೇಲಿನ ಅಕ್ಷರಗಳಿಂದಲೇ ತಿಳಿಯಬಹುದು. ಹದಿನೆಂಟನೆಯ ವಯಸ್ಸಿಗೆ ಕಾಲೇಜು ಸೇರಿದ ವಿದ್ಯಾರ್ಥಿ ಎಲ್ಲಿಯೂ ತಡೆಯಿಲ್ಲದೆ ಓದಿದರೂ ಈ ಕೊನೆಯ ಮೆಟ್ಟಿಲು ಏರುವಾಗ ಮೂವತ್ತರ ಅಂಚಿನಲ್ಲಿರುತ್ತಾನೆ. ಪ್ರತಿ ಮೆಟ್ಟಿಲಿಗೂ ಬೇರೆ ಪ್ರವೇಶ ಪರೀಕ್ಷೆ ಇದೆ.

ವೃತ್ತಿಯೊಳಗಿನ ಹಾದಿಗಳು

ಮೊದಲನೆಯದು ಕುಟುಂಬ ವೈದ್ಯರ ಹಾದಿ. ಊರಿನಲ್ಲಿ ಒಂದು ಚಿಕಿತ್ಸಾಲಯವನ್ನು ನಿಯಮದಂತೆ ನೋಂದಾಯಿಸಿ, ಅಜ್ಜನಿಂದ ಮೊಮ್ಮಗುವಿನವರೆಗೆ ಒಂದೇ ಮನೆಯವರನ್ನು ಹತ್ತಾರು ವರ್ಷ ನೋಡಿಕೊಳ್ಳುವ ಕೆಲಸ ಇದು. ಯಾರಿಗೆ ಯಾವ ಔಷಧಿ ಒಗ್ಗದು, ಯಾವ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ, ಯಾವ ಸೊಸೆ ನೋವನ್ನು ನುಂಗಿಕೊಂಡು ಸುಮ್ಮನಿರುತ್ತಾಳೆ ಎಂಬುದು ಇವರಿಗೆ ಗೊತ್ತಿರುತ್ತದೆ. ಕುಟುಂಬ ವೈದ್ಯಕೀಯ ಎಂಬುದನ್ನೇ ಸ್ನಾತಕೋತ್ತರ ವಿಷಯವಾಗಿ ಡಿ.ಎನ್.ಬಿ.ಯಲ್ಲಿ ಓದಲು ಅವಕಾಶವಿದೆ ಎಂಬುದು ಬಹಳ ಮಂದಿಗೆ ತಿಳಿಯದು.

ಎರಡನೆಯದು ಸರ್ಕಾರಿ ಸೇವೆ. ಬಯಲುಸೀಮೆಯಲ್ಲಿ 30,000 ಜನಸಂಖ್ಯೆಗೆ, ಗುಡ್ಡಗಾಡಿನಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಮಾನದಂಡ. ಅಲ್ಲಿಯ ವೈದ್ಯಾಧಿಕಾರಿಯು ಹೊರರೋಗಿಗಳನ್ನು ನೋಡುವುದರ ಜೊತೆಗೆ ಲಸಿಕೆ, ಹೆರಿಗೆ, ಸಾಂಕ್ರಾಮಿಕ ರೋಗಗಳ ನಿಗಾ ಇವೆಲ್ಲಕ್ಕೂ ಹೊಣೆಗಾರರು. ಅನುಭವ ಬೆಳೆದಂತೆ ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಮುಂತಾದ ಸ್ಥಾನಗಳಿವೆ. ಕೇಂದ್ರ ಲೋಕಸೇವಾ ಆಯೋಗದ ವೈದ್ಯಕೀಯ ಸೇವಾ ಪರೀಕ್ಷೆಯ ಮೂಲಕ ರೈಲ್ವೆ ಮತ್ತು ಕೇಂದ್ರ ಆರೋಗ್ಯ ಸೇವೆಗೂ, ಬೇರೆ ಆಯ್ಕೆಯ ಮೂಲಕ ಸೇನೆಯ ವೈದ್ಯಕೀಯ ವಿಭಾಗಕ್ಕೂ ಸೇರಬಹುದು. 1948ರಲ್ಲಿ ಸ್ಥಾಪನೆಯಾದ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿದರೆ ಪದವಿಯಿಂದಲೇ ಆ ಹಾದಿ ಆರಂಭವಾಗುತ್ತದೆ.

ಮೂರನೆಯದು ತಜ್ಞರ ಹಾದಿ. ಮಕ್ಕಳ ವೈದ್ಯರು, ಚರ್ಮವೈದ್ಯರು, ಮನೋವೈದ್ಯರು, ಅರಿವಳಿಕೆ ತಜ್ಞರು, ತುರ್ತು ಚಿಕಿತ್ಸಕರು, ವೃದ್ಧರ ವೈದ್ಯರು ಇವರೆಲ್ಲ ಈ ಗುಂಪಿಗೆ ಸೇರುತ್ತಾರೆ. ಗುಣವಾಗದ ಕಾಯಿಲೆಯವರ ನೋವನ್ನು ತಗ್ಗಿಸುವ ಉಪಶಮನ ವೈದ್ಯಕೀಯವೂ ಇಂದು ಪ್ರತ್ಯೇಕ ವಿಷಯವಾಗಿ ಬೆಳೆದಿದೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳಲ್ಲಿ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕೆಲಸ ನಡೆದಿದೆ.

ನಾಲ್ಕನೆಯದು ಪರದೆಯ ಹಿಂದಿನ ಕೆಲಸ. ರಕ್ತ, ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ರೋಗಶಾಸ್ತ್ರಜ್ಞರು, ಸೂಕ್ಷ್ಮಜೀವಿ ತಜ್ಞರು, ಕ್ಷ-ಕಿರಣ ತಜ್ಞರು, ನ್ಯಾಯವೈದ್ಯರು ಇವರನ್ನು ರೋಗಿಗಳು ಬಹುಶಃ ಕಾಣುವುದೇ ಇಲ್ಲ. ಇವರ ಒಂದು ಸಾಲಿನ ವರದಿಯ ಮೇಲೆ ಮುಂದಿನ ಚಿಕಿತ್ಸೆಯೆಲ್ಲ ನಿಂತಿರುತ್ತದೆ. ಮಾತು ಕಡಿಮೆ, ಏಕಾಗ್ರತೆ ಹೆಚ್ಚು ಇರುವ ಮಕ್ಕಳಿಗೆ ಈ ಹಾದಿ ಒಪ್ಪುತ್ತದೆ.

ಐದನೆಯದು ಸಾರ್ವಜನಿಕ ಆರೋಗ್ಯ ಮತ್ತು ಸಂಶೋಧನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನರಿಗೂ ತೀವ್ರ ಜ್ವರ ಬಂದಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಪರಿಶೀಲಿಸಿ, ಉಣುಗುಗಳಿಂದ ಹರಡುವ ಹೊಸ ವೈರಾಣುವನ್ನು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಕ್ಯಾಸನೂರಿನ ಹೆಸರೇ ಇದೆ. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಒಬ್ಬ ರೋಗಿಯ ನಾಡಿ ಹಿಡಿಯುವಂತೆ ಒಂದು ಪ್ರದೇಶದ ನಾಡಿ ಹಿಡಿಯುವ ಈ ಕೆಲಸಕ್ಕೆ ಸಮುದಾಯ ವೈದ್ಯಕೀಯದಲ್ಲಿ ಎಂ.ಡಿ. ಮಾಡಬಹುದು.

ಇವಲ್ಲದೆ ಬೋಧನೆ, ಆಸ್ಪತ್ರೆಯ ಆಡಳಿತ, ಔಷಧಿಗಳ ಪರೀಕ್ಷೆ, ವಿದೇಶದ ಸೇವೆ ಇವೂ ಉಂಟು. ಲೇಖನಿ ಹಿಡಿದ ವೈದ್ಯರ ಪರಂಪರೆಯಂತೂ ಕನ್ನಡದಲ್ಲಿ ಸಮೃದ್ಧವಾಗಿದೆ. 1942ರಲ್ಲಿ ಕೊರವಂಜಿ ಪತ್ರಿಕೆಯನ್ನು ಆರಂಭಿಸಿದ ರಾಶಿ ಅವರು ವೃತ್ತಿಯಿಂದ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತ ಅವರ ಮನಮಂಥನ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಡಾ. ಅನುಪಮಾ ನಿರಂಜನ ಅವರ ತಾಯಿ-ಮಗು ಎಷ್ಟೋ ಮನೆಗಳಲ್ಲಿ ಬಾಣಂತಿಯ ತಲೆದಿಂಬಿನ ಬಳಿ ಇದ್ದ ಪುಸ್ತಕ. ನಾಚಿಕೆಯಿಂದ ಬಾಯಿ ಬಿಡದ ಹೆಣ್ಣುಮಕ್ಕಳಿಗೆ ಅವರು ಅಕ್ಷರದ ಮೂಲಕ ವೈದ್ಯರಾದರು.

ಹಾದಿ ಯಾವುದೇ ಇರಲಿ, ದೊಡ್ಡ ಕೆಲಸಕ್ಕೆ ದೊಡ್ಡ ಪದವಿಯೇ ಬೇಕೆಂಬ ನಿಯಮವಿಲ್ಲ. ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಅನಂತರ ಅವರ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರದೊಡನೆ ಸೇರಿ ನಡೆಸಲು ವಹಿಸಿಕೊಂಡಿತು. ಅಲ್ಲಿ ನಡೆದದ್ದು ಪ್ರಾಥಮಿಕ ಚಿಕಿತ್ಸೆಯ ಕೆಲಸವೇ. ಅದನ್ನು ಕಾಯಕವೆಂದು ಬಗೆದು ಮಾಡಿದವರನ್ನು 1994ರಲ್ಲಿ ರೈಟ್ ಲೈವ್ಲಿಹುಡ್ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಹುಡುಕಿಕೊಂಡು ಬಂದಿತ್ತು.

ಇಡಿಯಾಗಿ ನೋಡುವವರಿಲ್ಲದಾಗ

ಸಾಮಾನ್ಯ ವೈದ್ಯರನ್ನು ಕಡೆಗಣಿಸಿದರೆ ರೋಗಿಗೆ ಆಗುವ ಅಪಾಯವನ್ನು ಒಂದು ಉದಾಹರಣೆಯಿಂದ ನೋಡೋಣ. ಎಪ್ಪತ್ತರ ಹಿರಿಯರೊಬ್ಬರಿಗೆ ರಕ್ತದೊತ್ತಡಕ್ಕೆ ಒಬ್ಬ ತಜ್ಞರ ಮಾತ್ರೆ ಇದೆ ಎಂದಿಟ್ಟುಕೊಳ್ಳೋಣ. ಮೊಣಕಾಲು ನೋವಿಗೆ ಇನ್ನೊಬ್ಬರ ಬಳಿ ಹೋಗಿ ನೋವು ನಿವಾರಕ ಮಾತ್ರೆ ತರುತ್ತಾರೆ. ನೋವು ಇಳಿಯಿತೆಂದು ಅದನ್ನು ತಿಂಗಳುಗಟ್ಟಲೆ ಅಂಗಡಿಯಿಂದ ತಂದು ನುಂಗುತ್ತಾರೆ. ಈ ಜಾತಿಯ ನೋವು ನಿವಾರಕಗಳು ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತವೆ, ರಕ್ತದೊತ್ತಡ ಏರುತ್ತದೆ. ಒತ್ತಡ ಏರಿದ್ದನ್ನು ಕಂಡ ಮೊದಲ ತಜ್ಞರು, ನೋವಿನ ಮಾತ್ರೆಯ ಸಂಗತಿ ತಿಳಿಯದೆ, ಇನ್ನೊಂದು ಮಾತ್ರೆ ಸೇರಿಸುತ್ತಾರೆ. ನೋವು ನಿವಾರಕಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೂ ತಗ್ಗಿಸುತ್ತವೆ. ಕೆಲವು ಒತ್ತಡದ ಮಾತ್ರೆಗಳೂ ನೀರಿಳಿಸುವ ಮಾತ್ರೆಗಳೂ ಅದರೊಡನೆ ಸೇರಿದಾಗ ಮೂತ್ರಪಿಂಡವೇ ಹಾನಿಗೆ ಒಳಗಾಗಬಹುದು. ಇಲ್ಲಿ ಯಾವ ತಜ್ಞರೂ ತಮ್ಮ ವಿದ್ಯೆಯಲ್ಲಿ ತಪ್ಪಿಲ್ಲ. ಎಲ್ಲ ಚೀಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವ ಒಬ್ಬ ವೈದ್ಯರು ಆ ಹಿರಿಯರಿಗೆ ಇರಲಿಲ್ಲ.

ಆದುದರಿಂದ ಪ್ರತಿಯೊಂದು ಕುಟುಂಬವೂ ಹತ್ತಿರದ ಒಬ್ಬ ಸಾಮಾನ್ಯ ವೈದ್ಯರನ್ನು ತನ್ನವರೆಂದು ಆರಿಸಿಕೊಳ್ಳಬೇಕೆಂದು ನಾವು ಕೋರುತ್ತೇವೆ. ಅವರು ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ಸರಿಯೇ. ಒಬ್ಬೊಬ್ಬರಿಗೂ ಒಂದು ಕಡತ ಇಟ್ಟು ಹಳೆಯ ಚೀಟಿ, ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿರಿ. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಲೇಹ್ಯ, ಕಷಾಯದ ಪುಡಿಗಳನ್ನು ಒಂದು ಚೀಲದಲ್ಲಿ ಕೊಂಡೊಯ್ಯಿರಿ; ಬೈಯುತ್ತಾರೆಂದು ಏನನ್ನೂ ಮರೆಮಾಚಬೇಡಿರಿ. ಈ ಲೇಖನ ಓದಿ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಹಠಾತ್ ಎದೆನೋವು, ಬಾಯಿ ಸೊಟ್ಟಗಾಗುವುದು, ಕೈಕಾಲು ಬಿದ್ದುಹೋಗುವುದು ಇಂಥ ಸಂದರ್ಭದಲ್ಲಿ ಮಾತ್ರ ಯಾರಿಗೂ ಕಾಯದೆ 108ಕ್ಕೆ ಕರೆ ಮಾಡಿ, ತುರ್ತು ಚಿಕಿತ್ಸೆ ದೊರೆಯುವ ಆಸ್ಪತ್ರೆಗೆ ಸಾಗಿಸಬೇಕು.

ಹೆತ್ತವರಲ್ಲಿ ಒಂದು ಅರಿಕೆ

2024ರಲ್ಲಿ ದೇಶದಾದ್ಯಂತ 23 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ನೀಟ್ ಪರೀಕ್ಷೆ ಬರೆದರು, ಎಂ.ಬಿ.ಬಿ.ಎಸ್. ಸ್ಥಾನಗಳು ಇದ್ದುದು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸ್ಥಾನ ದೊರೆಯದ ಮಕ್ಕಳು ದಡ್ಡರಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಶುಶ್ರೂಷೆ, ಔಷಧಶಾಸ್ತ್ರ, ಅಂಗಮರ್ದನ ಚಿಕಿತ್ಸೆ, ಪ್ರಯೋಗಾಲಯ ತಂತ್ರಜ್ಞಾನ ಇವೂ ಜೀವ ಉಳಿಸುವ ವಿದ್ಯೆಗಳೇ. ಹೊಲ ಮಾರಿ, ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು, ಆ ಸಾಲ ತೀರಿಸುವ ಭಾರ ನಾಳೆ ಮಗುವಿನ ವೈದ್ಯಧರ್ಮದ ಮೇಲೆಯೇ ಬೀಳುತ್ತದೆ ಎಂಬುದನ್ನು ಯೋಚಿಸಬೇಕು. ವಿದೇಶದಲ್ಲಿ ಓದಿಸುವವರು, ಹಿಂದಿರುಗಿದ ಮೇಲೆ ಇಲ್ಲಿ ವೃತ್ತಿ ಮಾಡಲು ಪ್ರತ್ಯೇಕ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದನ್ನು ತಿಳಿದಿರಬೇಕು. 2022ರ ಯುದ್ಧಕಾಲದಲ್ಲಿ ಉಕ್ರೇನಿನಿಂದ ಓದನ್ನು ನಡುವೆಯೇ ಬಿಟ್ಟು ಮರಳಿದ ನಮ್ಮ ವಿದ್ಯಾರ್ಥಿಗಳ ಸಂಕಟವನ್ನು ನಾವೆಲ್ಲ ಕಂಡಿದ್ದೇವೆ.

ಅರ್ಜಿ ತುಂಬುವ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿರಿ: ರಕ್ತ, ಕೀವು, ಅಳು ಇವುಗಳ ನಡುವೆ ನಿಲ್ಲಬಲ್ಲೆಯಾ? ಅಪರಿಚಿತರ ಮಾತನ್ನು ತಾಳ್ಮೆಯಿಂದ ಕೇಳಬಲ್ಲೆಯಾ? ಹತ್ತು ವರ್ಷ ಓದುತ್ತಲೇ ಇರಬಲ್ಲೆಯಾ? ಉತ್ತರ ಹೌದಾದರೆ ಆಶೀರ್ವದಿಸಿ ಕಳುಹಿಸಿರಿ. ಅಲ್ಲವಾದರೆ ಆ ಉತ್ತರವನ್ನೂ ಪ್ರೀತಿಯಿಂದ ಸ್ವೀಕರಿಸಿರಿ. ಪದವಿ ಮುಗಿಸಿ ಬಂದ ಮಗು ಊರಿನಲ್ಲೇ ಸಾಮಾನ್ಯ ವೈದ್ಯನಾಗಿ ಕೂರುತ್ತೇನೆ ಎಂದರೆ ಮುಂದೇನು ಓದುತ್ತೀಯ ಎಂದು ಅದನ್ನು ನೋಯಿಸಬೇಡಿರಿ. ನಿಮ್ಮ ಓಣಿಯ ಮೊದಲ ರೋಗಿಯಾಗಿ ನೀವೇ ಹೋಗಿ ಅದರ ಎದುರು ಕುಳಿತುಕೊಳ್ಳಿರಿ.